ಮಾಗಿಯ ಬೆಳಗಿನಲ್ಲಿ ಕಮಲಾಪುರದಿಂದ ಹೇಮಕೂಟಕ್ಕೆ

ಹಂಪೆಯೆಂದೊಡನೆ ನಮ್ಮ ಜನರ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಎರಡು. ಒಂದು ವಿರೂಪಾಕ್ಷನ ರಥೋತ್ಸವ. ಇನ್ನೊಂದು, ಸುಡುಬಿಸಿಲಿನಲ್ಲಿ ಮಕ್ಕಳುಮರಿಗಳನ್ನು ಕಟ್ಟಿಕೊಂಡು, ಬಾಡಿಗೆಯ ಗಾಡಿಯನ್ನು ಹತ್ತಿ ಇಳಿದು, ಒಂದೇ ದಿನದಲ್ಲಿ ಕಂಡಷ್ಟು ಗುಡಿಗಳನ್ನು ಕಂಡು, ದಣಿದು ಮರಳುವ ಪ್ರವಾಸ. ಇವೆರಡನ್ನು ಬಿಟ್ಟು ಮೂರನೆಯ ಮಾರ್ಗವೊಂದುಂಟು. ಅದಕ್ಕೆ ಬೇಕಾದುದು ಮಾಗಿಯ ಒಂದು ಬೆಳಗು, ಗಟ್ಟಿಯಾದ ಒಂದು ಜೊತೆ ಪಾದರಕ್ಷೆ, ಅವಸರವಿಲ್ಲದ ಮನಸ್ಸು. ಕಮಲಾಪುರದಿಂದ ಹಂಪೆಯ ಹೇಮಕೂಟದವರೆಗೆ ನಡಿಗೆ ಹೆಚ್ಚೆಂದರೆ ೫ ಕಿಲೋಮೀಟರು. ನಿಂತು ನಿಂತು ನಡೆದರೂ ಮಧ್ಯಾಹ್ನದೊಳಗೆ ಮುಗಿಯುತ್ತದೆ. ವೃದ್ಧರೂ ನಡೆಯಬಹುದು, ಹತ್ತು ವರ್ಷದ ಮಕ್ಕಳೂ ನಡೆಯಬಹುದು.

ಇಲ್ಲಿಗೆ ಚಳಿಗಾಲದಲ್ಲಿಯೇ ಏಕೆ ಬರಬೇಕೆಂದು ಕೇಳುವವರಿರಬಹುದು. ಆದಿಕವಿಯು ಪಂಪಾ ಸರೋವರವನ್ನು ವರ್ಣಿಸಿರುವುದು ಕಿಷ್ಕಿಂಧಾಕಾಂಡದ ಮೊದಲಿನಲ್ಲಿ. ಅದು ವಸಂತ ಋತು. ಮುಂದೆ ಅದೇ ಕಾಂಡದಲ್ಲಿ ವರ್ಷಾಕಾಲವೂ ಶರತ್ಕಾಲವೂ ಬರುತ್ತವೆ. ಹೇಮಂತದ ವರ್ಣನೆ ಇರುವುದಾದರೋ ಅರಣ್ಯಕಾಂಡದಲ್ಲಿ, ಗೋದಾವರೀ ತೀರದ ಪಂಚವಟಿಯಲ್ಲಿ. ಹೀಗೆ ಪಂಪಾಕ್ಷೇತ್ರದ ಮಾಗಿಯನ್ನು ವರ್ಣಿಸದೆ ಮಹರ್ಷಿಗಳು ನಮ್ಮಂಥವರ ಪಾಲಿಗೆ ಬಿಟ್ಟಿದ್ದಾರೆಂದು ನಾನು ವಿನೋದಕ್ಕೆ ಹೇಳುವುದುಂಟು. ವಿನೋದವನ್ನು ಬಿಟ್ಟು ಹೇಳುವುದಾದರೆ, ಬೇಸಗೆಯಲ್ಲಿ ಇಲ್ಲಿಯ ಹೆಬ್ಬಂಡೆಗಳು ಕಾದ ಕಾವಲಿಯಾಗುತ್ತವೆ. ಅಲ್ಲಿ ನಿಂತು ನೋಡುವ ತಾಳ್ಮೆ ಯಾರಿಗೂ ಉಳಿಯದು. ಮಾಗಿಯಲ್ಲಿ ಮಾತ್ರ ಈ ನೆಲವು ನಡೆಯುವವನಿಗೆ ತನ್ನನ್ನು ತೋರಿಸಿಕೊಳ್ಳುತ್ತದೆ.

ಕಮಲಾಪುರವು ಹೊಸಪೇಟೆಯಿಂದ ಸುಮಾರು ೧೨ ಕಿಲೋಮೀಟರು ದೂರದಲ್ಲಿದೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಪ್ರತ್ಯೇಕವಾದಾಗ ಹೊಸಪೇಟೆಯು ಅದರ ಮುಖ್ಯಪಟ್ಟಣವಾಯಿತು. ನೆರೆಯ ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಕಮಲಾಪುರಕ್ಕೆ ಪಟ್ಟಣ ಪಂಚಾಯಿತಿಯ ಹೆಸರು ಬಂದಿದ್ದರೂ ಅದರ ನಡೆನುಡಿಯೆಲ್ಲ ಹಳ್ಳಿಯದೇ. ಬೆಳಗಿನ ಜಾವ ಕೊಟ್ಟಿಗೆಯ ಹೊಗೆ, ಸಗಣಿ ಸಾರಿಸಿದ ಅಂಗಳ, ಎತ್ತಿನ ಕೊರಳ ಗಂಟೆ ಎಲ್ಲವೂ ಇಲ್ಲಿವೆ. ಬಾಳೆಯ ವ್ಯಾಪಾರ ಬಲ್ಲ ವಾಚಕರು ಒಂದು ಮಾತನ್ನು ಗಮನಿಸಬೇಕು: ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಕಲಬುರಗಿ ಜಿಲ್ಲೆಯದು. ಈ ಕಮಲಾಪುರದ ಸುತ್ತ ಬೆಳೆಯುವುದು ಏಲಕ್ಕಿ ಬಾಳೆ, ಸುಗಂಧಿ ಬಾಳೆ, ಕಬ್ಬು ಮತ್ತು ಭತ್ತ.

ನನ್ನ ಹಳೆಯ ಶಿಷ್ಯನೊಬ್ಬನು ಈ ಊರಿನಲ್ಲಿ ಬಾಳೆಯ ತೋಟ ಮಾಡಿಕೊಂಡು ಗೃಹಸ್ಥನಾಗಿದ್ದಾನೆ. ಪುಷ್ಯಮಾಸದ ಒಂದು ದಿನ ಅವನೊಡನೆ ನಾನು ಈ ದಾರಿಯನ್ನು ನಡೆದೆನು. ಅವನ ಮನೆಯಾಕೆಯು ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾಪುಡಿ, ಗಟ್ಟಿಮೊಸರುಗಳನ್ನು ಬುತ್ತಿ ಕಟ್ಟಿ ಕೊಟ್ಟಳು. ಮಾಗಿಯಲ್ಲಿ ಈ ಸೀಮೆಯ ಬುತ್ತಿಗೆ ಇದಕ್ಕಿಂತ ಮಿಗಿಲಾದುದಿಲ್ಲ.

ನಡಿಗೆಯನ್ನು ಕಮಲಾಪುರದ ಕೆರೆಯ ಏರಿಯಿಂದ ಆರಂಭಿಸುವುದು ಒಳ್ಳೆಯದು. ಇದು ವಿಜಯನಗರದ ಕಾಲದ ಕೆರೆ. ಸೂರ್ಯೋದಯಕ್ಕೆ ಮುಂಚೆ ನೀರಿನ ಮೇಲೆ ಮಂಜು ಹಾಸಿರುತ್ತದೆ. ಬೆಳ್ಳಕ್ಕಿಗಳು ಅದರೊಳಗಿಂದ ಎದ್ದು ಅದರೊಳಗೇ ಇಳಿಯುವುದನ್ನು ಕಾಣಬಹುದು. ದಕ್ಷಿಣದ ಕಡೆಗೆ ನೋಡಿದರೆ ಸಂಡೂರಿನ ಬೆಟ್ಟಸಾಲು ನೀಲಿಯ ಗೋಡೆಯಂತೆ ನಿಂತಿದೆ. ಕುಮಾರಸ್ವಾಮಿಯ ನೆಲೆಯಾದ ಆ ಬೆಟ್ಟಗಳ ಗರ್ಭದಲ್ಲಿ ಕಬ್ಬಿಣದ ಅದಿರು ತುಂಬಿದೆ. ಅದನ್ನು ಬಗೆಯುವ ಆತುರವು ಮಿತಿಮೀರಿದಾಗ, ೨೦೧೧ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಕಟ್ಟುನಿಟ್ಟುಗಳೊಡನೆ ಅದು ಮರಳಿ ನಡೆಯಿತು. ಒಂದೇ ಏರಿಯ ಮೇಲೆ ನಿಂತು, ಭೂಮಿಯಿಂದ ತೆಗೆದುಕೊಳ್ಳುವ ವಿದ್ಯೆಯನ್ನೂ ಭೂಮಿಯಲ್ಲಿ ನೀರನ್ನು ನಿಲ್ಲಿಸುವ ವಿದ್ಯೆಯನ್ನೂ ಒಟ್ಟಿಗೆ ನೋಡುವ ಸ್ಥಳ ಇದು.

ನೀರನ್ನು ನಿಲ್ಲಿಸುವ ವಿದ್ಯೆಯು ಆ ಕಾಲದವರಿಗೆ ಶಾಸ್ತ್ರವೇ ಆಗಿತ್ತು. ಬುಕ್ಕರಾಯನ ಮಗನಾದ ಭಾಸ್ಕರನು ಪೋರುಮಾಮಿಳ್ಳದಲ್ಲಿ ಕೆರೆಯನ್ನು ಕಟ್ಟಿಸಿ, ೧೩೬೯ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನವು ಪ್ರಸಿದ್ಧವಾಗಿದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳಿರಬೇಕೆಂದೂ, ಆರು ದೋಷಗಳು ಇರಬಾರದೆಂದೂ ಅದು ಎಣಿಸಿ ಹೇಳುತ್ತದೆ. ಕೃಷ್ಣದೇವರಾಯನೂ ತನ್ನ ಆಮುಕ್ತಮಾಲ್ಯದದ ರಾಜನೀತಿ ಭಾಗದಲ್ಲಿ, ಕೆರೆಕಾಲುವೆಗಳನ್ನು ಹೆಚ್ಚಿಸಿ ಬಡ ಒಕ್ಕಲಿಗೆ ಸುಂಕ ಕಂದಾಯಗಳನ್ನು ಹಗುರಮಾಡಿದರೆ ರಾಜ್ಯವು ತಾನಾಗಿಯೇ ಬೆಳೆಯುವುದೆಂದು ಉಪದೇಶಿಸಿದ್ದಾನೆ.

ಕೆರೆಯಿಂದ ಊರನ್ನು ದಾಟಿ ವಾಯವ್ಯದ ಹಾದಿಯನ್ನು ಹಿಡಿದರೆ ಸ್ವಲ್ಪದರಲ್ಲಿಯೇ ರಾಣಿಯ ಸ್ನಾನಗೃಹ, ಅದರಾಚೆ ಮಹಾನವಮಿ ದಿಬ್ಬ. ಬೆಳಗಿನ ಆ ಹೊತ್ತಿನಲ್ಲಿ ಕುರಿಗಾಹಿಗಳ ಹೊರತು ಅಲ್ಲಿ ಯಾರೂ ಇರುವುದಿಲ್ಲ. ದಿಬ್ಬದ ಹತ್ತಿರ ಕಲ್ಲಿನಿಂದ ಕಡೆದ ನೀರಿನ ದೋಣಿಸಾಲು ಕಂಬಗಳ ಮೇಲೆ ಬಹುದೂರ ಸಾಗಿ ಬಂದಿದೆ. ೧೯೮೦ರ ದಶಕದಲ್ಲಿ ಉತ್ಖನನದಿಂದ ಹೊರಬಂದ ಮೆಟ್ಟಿಲುಗಳ ಪುಷ್ಕರಣಿಯೊಂದು ಪಕ್ಕದಲ್ಲಿದೆ. ಆ ಕಪ್ಪು ಕಲ್ಲುಗಳ ಮೇಲೆ, ಯಾವ ದಿಕ್ಕಿನ ಯಾವ ಸಾಲಿಗೆ ಯಾವ ಕಲ್ಲು ಎಂದು ಶಿಲ್ಪಿಗಳು ಕೆತ್ತಿಕೊಂಡ ಗುರುತುಗಳು ಇಂದಿಗೂ ಅಳಿಸಿಲ್ಲ. ಒಂದು ಕಲ್ಲೂ ಅಳತೆ ತಪ್ಪಿಲ್ಲ. ಆದರೆ ದೋಣಿಸಾಲಿನಲ್ಲಿ ನೀರು ಮಾತ್ರ ಇಲ್ಲ. ೧೫೬೫ರ ಜನವರಿಯಲ್ಲಿ, ಇಂಥದೇ ಚಳಿಗಾಲದಲ್ಲಿ, ರಕ್ಕಸ-ತಂಗಡಿಯ ಯುದ್ಧ ನಡೆದು ಪಟ್ಟಣವು ಹಾಳಾಯಿತು. ಅರಮನೆ ಬರಿದಾದೊಡನೆ ಅರಮನೆಯ ನೀರಿಗೆ ಯಜಮಾನರೇ ಇಲ್ಲವಾದರು.

ಮುಂದೆ ದಾರಿಯ ಬಲಬದಿಯಲ್ಲಿಯೂ ಎಡಬದಿಯಲ್ಲಿಯೂ ಬಂಡೆಗಳ ರಾಶಿ. ಯಾರೋ ಆಟವಾಡಿ ಬಿಟ್ಟುಹೋದ ಗಜ್ಜುಗದ ಕಾಯಿಗಳಂತೆ ಒಂದರ ಮೇಲೊಂದು ನಿಂತಿವೆ. ಒಂದಕ್ಕೊಂದು ಒರಗಿದ ಎರಡು ಹೆಬ್ಬಂಡೆಗಳನ್ನು ಅಕ್ಕತಂಗಿಯರ ಗುಡ್ಡವೆಂದು ಕರೆಯುತ್ತಾರೆ. ಹಂಪೆಯನ್ನು ಹಳಿದ ಅಕ್ಕತಂಗಿಯರು ಕಲ್ಲಾದರೆಂದು ಜನರು ಹೇಳುವ ಕಥೆ. ಆ ಬಂಡೆಗಳಲ್ಲಿಯೂ ಒಂದು ಸೀಳಿ ಕಳಚಿಬಿದ್ದಿದೆ.

ಇಲ್ಲಿಂದ ಸ್ವಲ್ಪ ಮುಂದೆ ಹೋದೊಡನೆ ಕಾಣುವ ನೋಟವೇ ಬೇರೆ. ಬಣ್ಣಗೆಟ್ಟ ಬಂಡೆಗಳ ನಡುವೆ ಹಸಿರಿನ ಕಣಿವೆಯೊಂದು ತೆರೆದುಕೊಳ್ಳುತ್ತದೆ. ಬಾಳೆಯ ತೋಟ, ಅದರಂಚಿನಲ್ಲಿ ತೆಂಗು, ಆಚೆಗೆ ಕಟಾವಿಗೆ ಬಂದ ಕಬ್ಬು. ಬಾಳೆಯ ಎಲೆಗಳ ಮೇಲಿನ ಇಬ್ಬನಿಯು ಬಿಸಿಲು ತಾಗಿ ತೊಟ್ಟಿಕ್ಕುತ್ತಿತ್ತು. ಈ ಹಸಿರಿಗೆಲ್ಲ ಕಾರಣವಾದುದು ಕಣಿವೆಯ ಅಂಚಿನಲ್ಲಿ ಸದ್ದಿಲ್ಲದೆ ಹರಿಯುವ ತುರ್ತು ಕಾಲುವೆ. ಹಂಪೆಗೆ ಬಂದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಇದನ್ನು ದಾಟಿಯೇ ಉಗ್ರನರಸಿಂಹನ ಬಳಿಗೆ ಹೋಗುತ್ತಾರೆ. ದಾಟಿದೆವೆಂಬ ಅರಿವು ಅವರಿಗಿರುವುದಿಲ್ಲ.

ತುಂಗಭದ್ರೆಗೆ ಹಂಪೆಯ ಮೇಲುಭಾಗದಲ್ಲಿ ಒಡ್ಡನ್ನು ಹಾಕಿ ಈ ಕಾಲುವೆಯನ್ನು ತೆಗೆದಿದ್ದಾರೆ. ಹೊಳೆಯ ನಡುವಿನ ನಡುಗಡ್ಡೆಗಳನ್ನೂ ಬಂಡೆಗಳನ್ನೂ ಆಸರೆಮಾಡಿಕೊಂಡು, ಗಾರೆಯ ಹಂಗಿಲ್ಲದೆ, ದೊಡ್ಡ ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಹೊಂದಿಸಿ ಕಟ್ಟಿದ ಒಡ್ಡುಗಳು ಇವು. ಹದಿನೈದನೆಯ ಶತಮಾನದ ಆದಿಯಲ್ಲಿ ಒಬ್ಬ ಅರಸನು ಹೊಳೆಗೆ ಒಡ್ಡು ಕಟ್ಟಿ ಪಟ್ಟಣಕ್ಕೆ ನೀರು ತಂದನೆಂದೂ, ಅದರಿಂದ ಸುತ್ತಲೂ ನಿಂಬೆ, ಕಿತ್ತಳೆ, ಗುಲಾಬಿಗಳ ತೋಟಗಳೆದ್ದವೆಂದೂ ಪೋರ್ಚುಗೀಸ್ ವರ್ತಕನಾದ ನೂನಿಜನು ೧೫೩೫ರ ಸುಮಾರಿಗೆ ಬರೆದಿಟ್ಟಿದ್ದಾನೆ. ಆ ಕಾಲುವೆಯು ಈಗಿನ ಇದೇ ಇರಬಹುದೆಂದು ಇತಿಹಾಸಜ್ಞರು ಊಹಿಸಿದ್ದಾರೆ. ಬಸವಣ್ಣ ಕಾಲುವೆಯು ೧೫೨೧ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಆದುದು. ರಾಯ, ಬಸವಣ್ಣ, ತುರ್ತು, ರಾಮಸಾಗರ, ಕಂಪ್ಲಿ, ಆಚೆಯ ದಂಡೆಯಲ್ಲಿ ಆನೆಗುಂದಿ, ಗಂಗಾವತಿ ಎಂದು ಹೀಗೆ ಹರಿಯುವ ಕಾಲುವೆಗಳಿಗೆಲ್ಲ ಸರಕಾರದ ಕಡತಗಳಲ್ಲಿಯೂ ವಿಜಯನಗರ ಕಾಲುವೆಗಳೆಂದೇ ಹೆಸರು.

ಕಾಲುವೆಯ ಪಕ್ಕದಲ್ಲಿ ಒಬ್ಬ ಮುದುಕನು ಮೊಣಕಾಲುದ್ದ ನೀರಿನಲ್ಲಿ ನಿಂತು, ತನ್ನ ಹೊಲದ ಹರಿಗಾಲುವೆಯ ಬಾಯಿಯಿಂದ ಜೊಂಡನ್ನೂ ಕೆಸರನ್ನೂ ಸಲಿಕೆಯಿಂದ ಎತ್ತಿ ಹಾಕುತ್ತಿದ್ದನು. ಆ ಚಳಿಯಲ್ಲಿ ನಾವು ಶಾಲು ಹೊದ್ದು ನಿಂತಿದ್ದೆವು. ಅವನ ಮೈಮೇಲೆ ಒಂದು ಬನಿಯನ್ನು. ನಾನು ಮಾತನಾಡಿಸಿದೆನು. “ಎಷ್ಟು ದಿನಕ್ಕೊಮ್ಮೆ ಈ ಕೆಲಸ, ಯಜಮಾನರೇ?”

“ವರ್ಷಾ ವರ್ಷಾ ತೆಗೀಬೇಕ್ರೀ ಸ್ವಾಮಿ. ಒಂದು ವರ್ಷ ನಾವು ಬಿಟ್ರೆ ನೀರು ಮೆತ್ತಗಾಗುತೈತೆ. ಎರಡು ವರ್ಷ ಬಿಟ್ರೆ ಕಾಲುವೇನೇ ನಮ್ಮನ್ನ ಬಿಡುತೈತೆ” ಎಂದು ಹೇಳಿ ಅವನು ಮತ್ತೆ ಬಗ್ಗಿದನು.

ಈ ಮಾತು ನನ್ನನ್ನು ಬಹಳ ದೂರ ಹಿಂಬಾಲಿಸಿತು. ಹಂಪೆಯಲ್ಲಿ ಬಲವಾಗಿ ಕಟ್ಟಿದುವೆಲ್ಲ ಬಿದ್ದಿವೆ. ಅರಮನೆಯ ಅಡಿಗಟ್ಟು ಮಾತ್ರ ಉಳಿದಿದೆ. ಏಳುಸುತ್ತಿನ ಕೋಟೆ ಮುರಿದಿದೆ. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಮುತ್ತಿ ಕಟ್ಟುತ್ತಿದ್ದ ಕೆರೆಯೊಂದನ್ನು ಪೇಯಿಸನು ೧೫೨೦ರ ಸುಮಾರಿನಲ್ಲಿ ಕಣ್ಣಾರೆ ಕಂಡು ಬರೆದಿದ್ದಾನೆ. ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆಯೇ ಅದೆಂದು ಬಲ್ಲವರು ಹೇಳುತ್ತಾರೆ. ಅದರ ಏರಿ ಇಂದಿಗೂ ಬೆಟ್ಟದಂತಿದೆ, ನೀರಿಲ್ಲ. ಆದರೆ ವರ್ಷವರ್ಷವೂ ಹೂಳು ತುಂಬುವ, ವರ್ಷವರ್ಷವೂ ಒಡೆಯುವ, ಯಾವ ಶಿಲ್ಪವೈಭವವೂ ಇಲ್ಲದ ಈ ಮಣ್ಣುಗಾಲುವೆ ಐದಾರು ನೂರು ವರ್ಷಗಳಿಂದ ಹರಿಯುತ್ತಿದೆ. ದಿನವೂ ಆರೈಕೆ ಬೇಡುವುದರಿಂದಲೇ ಅದು ಬದುಕಿತು; ಆರೈಕೆ ಮಾಡಿದವರ ಹೊಟ್ಟೆಪಾಡು ಅದರಲ್ಲಿದ್ದುದರಿಂದ ಅವರೂ ಅದನ್ನು ಬಿಡಲಿಲ್ಲ. ಅರಸರು ಹೋದರು, ಸುಲ್ತಾನರು ಹೋದರು, ಮದರಾಸಿನ ಸರಕಾರವೂ ೧೯೫೩ರಲ್ಲಿ ಬಳ್ಳಾರಿಯನ್ನು ಮೈಸೂರಿಗೆ ಬಿಟ್ಟುಕೊಟ್ಟು ಹೋಯಿತು. ಸಲಿಕೆ ಮಾತ್ರ ಕೈಯಿಂದ ಕೈಗೆ ದಾಟುತ್ತ ಬಂದಿತು.

ನಮ್ಮ ಹಿರಿಯರು ಯೋಗಕ್ಷೇಮವೆಂಬ ಒಂದು ಪದವನ್ನು ಮಾಡಿಕೊಟ್ಟಿದ್ದಾರೆ. ಯೋಗವೆಂದರೆ ಇಲ್ಲದುದನ್ನು ಪಡೆಯುವುದು. ಕ್ಷೇಮವೆಂದರೆ ಪಡೆದುದನ್ನು ಕಾಪಾಡಿಕೊಳ್ಳುವುದು. ವ್ಯಾಖ್ಯಾನಕಾರರು ಹೇಳುವ ಈ ಅರ್ಥವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಒಪ್ಪಿಸಿದ್ದೇನೆ. ಅದರ ಭಾಷ್ಯವನ್ನು ಕಣ್ಣಿನಿಂದ ಕಂಡುದು ಕಾಲುವೆಯ ದಂಡೆಯಲ್ಲಿ. ಯೋಗವನ್ನು ಮಾಡಿದವರ ಹೆಸರು ಶಾಸನದಲ್ಲಿದೆ. ಕ್ಷೇಮವನ್ನು ನೋಡಿಕೊಂಡವರ ಹೆಸರು ಎಲ್ಲಿಯೂ ಇಲ್ಲ. ಅವರು ಬೆಳೆದ ಬಾಳೆಯ ಗೊನೆ ಮಾತ್ರ ಪ್ರತಿವರ್ಷವೂ ಸಂತೆಗೆ ಬರುತ್ತಿದೆ.

ಕಾಲುವೆಯನ್ನು ದಾಟಿದರೆ ಎದುರಿಗೆ ಉಗ್ರನರಸಿಂಹ, ಪಕ್ಕದಲ್ಲಿ ಬಡವಿಲಿಂಗ. ೧೫೨೮ರಲ್ಲಿ ಒಂದೇ ಬಂಡೆಯಿಂದ ಕಡೆದ ನರಸಿಂಹನು ಸುಮಾರು ೬.೭ ಮೀಟರು ಎತ್ತರವಿದ್ದಾನೆ. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದುಹಾಕಿದ್ದಾರೆ. ಸ್ವಾಮಿಯ ಬೆನ್ನಿನ ಮೇಲೆ ಅವಳ ಕೈಯೊಂದು ಮಾತ್ರ ಉಳಿದಿದೆ. ಬಡವಿಲಿಂಗವಾದರೋ ಸುಮಾರು ೩ ಮೀಟರು ಎತ್ತರದ ಏಕಶಿಲೆ. ಬಡ ಹೆಂಗಸೊಬ್ಬಳು ಮಾಡಿಸಿದಳೆಂದು ಪ್ರತೀತಿ. ಅದರ ಪಾಣಿಪೀಠವು ನೀರಿನಲ್ಲಿ ಮುಳುಗಿದೆ, ಏಕೆಂದರೆ ಕಾಲುವೆಯ ನೀರು ಗರ್ಭಗುಡಿಯ ಒಳಕ್ಕೆ ಬರುತ್ತದೆ. ಕಾಲುವೆ ಹರಿಯುವವರೆಗೆ ಈ ಲಿಂಗಕ್ಕೆ ಅಭಿಷೇಕ ತಪ್ಪದು. ಇಲ್ಲಿ ಬಾಗಿಲಿಂದ ಬಗ್ಗಿ ನೋಡಿದರೆ ನೀರಿನ ಬೆಳಕು ಒಳಗೋಡೆಯ ಮೇಲೆ ಆಡುತ್ತಿರುವುದು ಕಾಣುತ್ತದೆ.

ಸ್ವಲ್ಪ ಮುಂದೆ ಕೃಷ್ಣದೇವಾಲಯ. ಕೃಷ್ಣದೇವರಾಯನು ಗಜಪತಿಯಿಂದ ಉದಯಗಿರಿಯನ್ನು ಗೆದ್ದು ತಂದ ಬಾಲಕೃಷ್ಣನ ಮೂರ್ತಿಗಾಗಿ ಇದನ್ನು ಕಟ್ಟಿಸಿದನು. ಆ ಮೂರ್ತಿ ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ದೇವಾಲಯದೆದುರಿನ ಪೇಟೆಬೀದಿಯ ಪುಷ್ಕರಣಿಯ ಹತ್ತಿರ, ತೋಟದ ಬದುವಿನ ಮೇಲೆ ಕುಳಿತು ನಾವು ಬುತ್ತಿಯನ್ನು ಬಿಚ್ಚಿದೆವು. ಹಿಂದೆ ಮುತ್ತುರತ್ನಗಳ ಅಂಗಡಿಗಳಿದ್ದುವೆಂದು ಹೇಳುವ ನೆಲದ ಮಗ್ಗುಲಲ್ಲಿ ಬಾಳೆಯ ಗೊನೆಗಳು ತೂಗುತ್ತಿದ್ದುವು.

ಊಟದ ನಡುವೆ ಶಿಷ್ಯನು ೨೦೨೪ರ ಆಗಸ್ಟ್ ತಿಂಗಳ ಮಾತನ್ನೆತ್ತಿದನು. “ಗುರುಗಳೇ, ಆ ರಾತ್ರಿಯನ್ನು ನಾವು ಮರೆಯುವ ಹಾಗಿಲ್ಲ” ಎಂದನು. ವಾಚಕರಿಗೂ ಅದು ನೆನಪಿರಬಹುದು. ೧೯೪೫ರಲ್ಲಿ ಮದರಾಸು, ಹೈದರಾಬಾದು ಸರಕಾರಗಳು ಕೂಡಿ ಆರಂಭಿಸಿ, ೧೯೫೩ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯಕ್ಕೆ ೩೩ ಗೇಟುಗಳುಂಟು. ಜಲಾಶಯವು ತುಂಬಿ ನಿಂತಿದ್ದಾಗ, ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಉಳಿದ ಗೇಟುಗಳ ಭಾರವನ್ನು ಇಳಿಸಲು ಅವನ್ನೂ ತೆರೆದು ನೀರನ್ನು ಹೊಳೆಗೆ ಬಿಡಬೇಕಾಯಿತು. ಇಡೀ ವರ್ಷದ ಬೆಳೆಯ ನೀರು ಕಣ್ಣೆದುರಿಗೇ ಹರಿದುಹೋಗುವುದನ್ನು ಹೊಸಪೇಟೆ, ಕಂಪ್ಲಿ, ಗಂಗಾವತಿ, ಸಿರುಗುಪ್ಪಗಳ ಒಕ್ಕಲುಮಕ್ಕಳು ನೋಡಿದರು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ, ಒಂದು ವಾರದಷ್ಟರಲ್ಲಿ ಬಾಯಿ ಮುಚ್ಚಿದರು. ನಿವೃತ್ತರಾಗಿದ್ದ ಇಂಜಿನಿಯರಾದ ಕನ್ನಯ್ಯ ನಾಯುಡು ಅವರ ಅನುಭವವು ಆ ಕೆಲಸಕ್ಕೆ ಒದಗಿತು. ಆಮೇಲೆ ಮಳೆ ಬಂದು ಜಲಾಶಯವು ಮತ್ತೆ ತುಂಬಿದುದು ಜನರ ಪುಣ್ಯ.

“ಅಷ್ಟು ದೊಡ್ಡ ಅಣೆಕಟ್ಟು, ಗುರುಗಳೇ, ಒಂದು ಕೊಂಡಿಯ ಮೇಲೆ ನಿಂತಿತ್ತು. ನಮ್ಮ ಈ ಕಾಲುವೆಗೂ ನೀರು ಈಗ ಅಲ್ಲಿಂದಲೇ ಹೊಳೆಗೆ ಬಿಟ್ಟು ಬರಬೇಕು” ಎಂದು ಶಿಷ್ಯನು ನಿಟ್ಟುಸಿರಿಟ್ಟನು.

ಅವನ ಮಾತು ನಿಜ. ಹಳೆಯ ಒಡ್ಡುಗಳಲ್ಲಿ ಕೆಲವು ಜಲಾಶಯದಲ್ಲಿ ಮುಳುಗಿಹೋದವು. ರಾಯ, ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು. ಕೆಳಗಿನ ಕಾಲುವೆಗಳೂ ಅದು ಹೊಳೆಗೆ ಬಿಡುವ ನೀರನ್ನು ನಂಬಿವೆ. ಆ ಜಲಾಶಯವು ಆರಂಭದಲ್ಲಿ ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು ೧೦೫ಕ್ಕೆ ಇಳಿದಿದೆ. ಎಂದರೆ, ಐದರಲ್ಲಿ ಒಂದು ಪಾಲು ನೀರಿನ ಜಾಗವನ್ನು ಎಪ್ಪತ್ತು ವರ್ಷಗಳಲ್ಲಿ ಮಣ್ಣು ತಿಂದಿತು. ಕಾಲುವೆಯ ಹೂಳನ್ನು ಮುದುಕನೊಬ್ಬನ ಸಲಿಕೆ ಎತ್ತೀತು. ಜಲಾಶಯದ ಹೂಳನ್ನು ಎತ್ತುವ ಸಲಿಕೆ ಎಲ್ಲಿಂದ ಬರಬೇಕು? ಯೋಗ ದೊಡ್ಡದಾದಷ್ಟೂ ಕ್ಷೇಮದ ಹೊಣೆ ದೊಡ್ಡದು. ಅವಘಡವಾದ ಮೇಲೆ ೩೩ ಗೇಟುಗಳನ್ನೂ ಬದಲಿಸಬೇಕೆಂಬ ತೀರ್ಮಾನವಾಯಿತು. ವಿಜಯನಗರ ಕಾಲುವೆಗಳ ಆಧುನೀಕರಣ ನಡೆದು ಹಲವೆಡೆ ಕಾಂಕ್ರೀಟಿನ ಹಾಸು ಬಂದಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಕಾಂಕ್ರೀಟು ಹಾಕಿದೆವು, ಇನ್ನು ನೋಡಬೇಕಾಗಿಲ್ಲ ಎಂಬ ಭಾವನೆ ಬಂದ ದಿನ, ಮಹಾನವಮಿ ದಿಬ್ಬದ ಕಲ್ಲಿನ ದೋಣಿಸಾಲನ್ನು ಒಮ್ಮೆ ಹೋಗಿ ನೋಡಿ ಬರಬೇಕು.

ಊಟವಾದ ಮೇಲೆ ಉಳಿಯುವುದು ಹೇಮಕೂಟದ ಇಳಿಜಾರು ಬಂಡೆಯನ್ನೇರುವುದು. ವಿಜಯನಗರವು ೧೩೩೬ರಲ್ಲಿ ಸ್ಥಾಪಿತವಾಗುವುದಕ್ಕೂ ಹಿಂದಿನ ಗುಡಿಗಳು ಇಲ್ಲಿವೆ. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಕಂಪಿಲದೇವನು ಕಟ್ಟಿಸಿದ ತ್ರಿಕೂಟದೇವಾಲಯವೂ ಅವುಗಳಲ್ಲೊಂದು. ಕಂಪ್ಲಿಯ ಹೆಸರನ್ನು ಹೊತ್ತ ಆ ರಾಜ್ಯವು ೧೩೨೭ರಲ್ಲಿ ದಿಲ್ಲಿಯ ದಂಡಿಗೆ ಸಿಕ್ಕಿ ಅಳಿಯಿತು. ಬಂಡೆಯ ನೆತ್ತಿಯಿಂದ ಉತ್ತರಕ್ಕೆ ವಿರೂಪಾಕ್ಷನ ಗೋಪುರ, ಅದರಾಚೆ ಹೊಳೆ. ದಕ್ಷಿಣಕ್ಕೆ ನಾವು ನಡೆದುಬಂದ ಕಣಿವೆ. ಮೇಲಿನಿಂದ ಕಾಲುವೆ ಕಾಣುವುದಿಲ್ಲ. ಆದರೆ ಹಸಿರು ಎಲ್ಲಿ ನಿಂತು ಬಂಡೆ ಎಲ್ಲಿ ಆರಂಭವಾಗುತ್ತದೆಯೋ ಆ ಗೆರೆಯೇ ಕಾಲುವೆಯ ಗುರುತು. ಗೆರೆಯ ಈಚೆ ಬೆಳೆ, ಆಚೆ ಕಲ್ಲು. ೧೯೮೬ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಆ ಪರಂಪರೆಯಲ್ಲಿ ಇಂದಿಗೂ ತನ್ನ ಮೊದಲಿನ ಕೆಲಸವನ್ನೇ ಮಾಡುತ್ತಿರುವವು ಬಹಳ ಇಲ್ಲ: ವಿರೂಪಾಕ್ಷನ ಪೂಜೆ ಒಂದು, ಈ ನೀರು ಇನ್ನೊಂದು.

ಹೋಗಬಯಸುವವರಿಗೆ ಎರಡು ಮಾತು. ಮಾರ್ಗಶಿರದಿಂದ ಮಾಘದವರೆಗೆ ಕಾಲ ಪ್ರಶಸ್ತವಾಗಿದೆ. ಹೊಸಪೇಟೆಯಿಂದ ಕಮಲಾಪುರಕ್ಕೂ, ಮರಳುವಾಗ ಹಂಪೆಯಿಂದ ಹೊಸಪೇಟೆಗೂ ಬಸ್ಸುಗಳುಂಟು. ಕುಡಿಯುವ ನೀರನ್ನು ಒಯ್ಯಬೇಕು. ಬುತ್ತಿಯನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳಬೇಕು. ತೋಟದ ಬದುವಿನ ಮೇಲೆ ನಡೆಯುವಾಗ ಒಡೆಯನನ್ನು ಕೇಳಿ ನಡೆಯಬೇಕು. ಕಾಲುವೆಗೆ ಕಾಗದ, ಪ್ಲಾಸ್ಟಿಕ್ಕಿನ ಚೀಲ ಏನನ್ನೂ ಹಾಕಬಾರದು. ನಾವು ಹಾಕಿದುದು ಯಾರದೋ ಹೊಲದ ಬಾಯಿಯಲ್ಲಿ ಕಟ್ಟಿಕೊಳ್ಳುತ್ತದೆ, ಅದನ್ನು ತೆಗೆಯುವ ಕೈ ಒಂದಿರುತ್ತದೆ.

ನಮ್ಮ ಮನೆಗಳಲ್ಲಿ ಹಿರಿಯರು ಕಾಗದ ಬರೆಯುವಾಗ ಮೊದಲು “ಕ್ಷೇಮ” ಎಂದು ಬರೆದು ಆಮೇಲೆ ಉಳಿದ ವಿಷಯಕ್ಕೆ ಹೋಗುತ್ತಿದ್ದರು. ಹೊಸ ಮನೆ ಕಟ್ಟಿದುದು, ಹೊಲ ಕೊಂಡುದು, ಮಗನಿಗೆ ಕೆಲಸವಾದುದು, ಎಲ್ಲವೂ ಆ ಒಂದು ಪದದ ಕೆಳಗಿನ ಸಾಲುಗಳು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಬಿರುಕನ್ನು ಮುಚ್ಚುವ ಗೃಹಸ್ಥನೂ, ಬೇಸಗೆಯಲ್ಲಿ ಬೇಳೆಕಾಳುಗಳನ್ನು ಬಿಸಿಲಿಗೆ ಹಾಕಿ ಹುಳು ಬೀಳದಂತೆ ಕಾಯುವ ಗೃಹಿಣಿಯೂ ಮಾಡುವುದು ತುರ್ತು ಕಾಲುವೆಯ ಆ ಮುದುಕನ ಕೆಲಸವನ್ನೇ. ಮಕ್ಕಳಿಗೆ ಹಂಪೆಯನ್ನು ತೋರಿಸುವಾಗ ಕಲ್ಲಿನ ರಥವನ್ನೂ ಕಮಲಮಹಲನ್ನೂ ಅಗತ್ಯವಾಗಿ ತೋರಿಸಿರಿ. ಜೊತೆಗೆ ಕಾಲುವೆಯ ದಂಡೆಯಲ್ಲಿಯೂ ಒಂದು ಗಳಿಗೆ ನಿಲ್ಲಿಸಿರಿ. ಚಳಿಗಾಲದ ಆ ತಣ್ಣೀರಿಗೆ ಅವರು ಕೈ ಇಡಲಿ. ಅದು ಹರಿಯುತ್ತಿರುವುದು ಏಕೆಂದು ಅವರೇ ಕೇಳುತ್ತಾರೆ.